ಖಾಲಿ ಗಾಡಿಯ ತೂಕ

ನಮ್ಮೂರು ನೀರಿನ ಮೇಲಿದೆ. ಕೆಳಗೆ ನೆಲವಿಲ್ಲ. ಮೂಡಣ ಓಣಿಗಳಲ್ಲಿ ಭಾರ ಹೆಚ್ಚಾದರೆ ಊರು ಮೂಡಣಕ್ಕೆ ವಾಲುತ್ತದೆ, ಪಡುವಣದಲ್ಲಿ ಹೆಚ್ಚಾದರೆ ಪಡುವಣಕ್ಕೆ. ಅದಕ್ಕಾಗಿಯೇ ಊರ ನಡುವೆ ತೂಕದ ಕಟ್ಟೆ ಇರುವುದು, ಕಟ್ಟೆಯ ಪಕ್ಕದಲ್ಲಿ ಕಲ್ಲುಗಳ ರಾಶಿ ಇರುವುದು. ಒಂದು ಮನೆಗೆ ಸೊಸೆ ಬಂದರೆ ಅವಳ ತೂಕದಷ್ಟು ಕಲ್ಲು ಎದುರು ದಿಕ್ಕಿಗೆ ಹೋಗುತ್ತದೆ. ಬಸುರಿಯ ಗಂಡ ಸಂಜೆ ಹೊತ್ತಿಗೆ ಸಣ್ಣದೊಂದು ಕಲ್ಲು ಹೊತ್ತುಕೊಂಡು ಎದುರು ಓಣಿಗೆ ಹೋಗುತ್ತಿದ್ದರೆ ನೋಡಿದವರು ನಕ್ಕು ಸುಮ್ಮನಾಗುತ್ತಾರೆ. ಯಾರಾದರೂ ತೀರಿಕೊಂಡರೆ ಅವರ ಹೆಸರಿನ ಕಲ್ಲನ್ನು ರಾಶಿಗೆ ವಾಪಸು ತರುತ್ತಾರೆ. ಹೆಣ ಎತ್ತುವಾಗ ಅಳದವರೂ ಆ ಕಲ್ಲು ಎತ್ತುವಾಗ ಅತ್ತದ್ದನ್ನು ನಾನು ಕಂಡಿದ್ದೇನೆ.

ಕಟ್ಟೆಯ ಮೇಲೆ ದೊಡ್ಡದೊಂದು ತಕ್ಕಡಿ ಇದೆ. ಅದು ಚೀಲಗಳಿಗೆ. ಮನುಷ್ಯರನ್ನು ಅದರಲ್ಲಿ ಕೂಡಿಸುವುದಿಲ್ಲ. ಮನೆಯಲ್ಲಿ ತಾವೇ ತೂಗಿ ನೋಡಿಕೊಂಡು, ಕಟ್ಟೆಗೆ ಬಂದು ಬಾಯಿಬಿಟ್ಟು ಹೇಳಬೇಕು. ಕೇಳಿದವರು ನಂಬಬೇಕು. ಗಂಡ ಸತ್ತು ನಾನು ತವರಿಗೆ ಬಂದಾಗ ಹಾಗೇ ಹೋಗಿ ಹೇಳಿದ್ದೆ. ಕಟ್ಟೆಯ ಹಿರಿಯರು ತಲೆಯಲ್ಲಾಡಿಸಿ, "ಆತು ನೀಲವ್ವ, ಮನೀಗೆ ಹೋಗು" ಅಂದಿದ್ದರು. ಅಷ್ಟೇ. ನಾನು ಮನೆಗೆ ಬಂದು ಒಲೆ ಹಚ್ಚಿದ್ದೆ.

ಇದು ನನ್ನ ತಮ್ಮ ಯಮನೂರನಿಗೆ ಆದದ್ದು. ಅವನು ಊರಿನ ಹಮಾಲ. ಐವತ್ತು ದಾಟಿದ ಮೇಲೂ ಕ್ವಿಂಟಲ್ ಚೀಲವನ್ನು ಬೆನ್ನಿಗೆ ಹಾಕಿಕೊಂಡು ಮೆಟ್ಟಿಲು ಹತ್ತುತ್ತಿದ್ದ. ಆದರೆ ಊರಿನಲ್ಲಿ ಅವನಿಗೆ ಹೆಸರು ಬಂದದ್ದು ಹೊತ್ತದ್ದಕ್ಕಲ್ಲ, ಹೇಳಿದ್ದಕ್ಕೆ. ಚೀಲದ ತುದಿ ಹಿಡಿದು ಒಮ್ಮೆ ಅಲುಗಿಸಿದನೆಂದರೆ ಸಾಕು, ಅದರ ತೂಕ ಹೇಳಿಬಿಡುತ್ತಿದ್ದ. ಆಮೇಲೆ ತಕ್ಕಡಿಗೆ ಹಾಕಿ ನೋಡಿದರೆ ಅರ್ಧ ಕಿಲೋ ಆಚೀಚೆ ಆದರೆ ಹೆಚ್ಚು. ಬೀಸುಕಲ್ಲು, ತೊಲೆ, ಕರು, ಕಬ್ಬಿಣದ ಬಾಗಿಲು, ಏನೇ ಬಂದರೂ "ಯಮನೂರನ್ನ ಕರೀರಿ" ಅನ್ನುತ್ತಿದ್ದರು. ಅವನು ಬಂದು, ಮುಟ್ಟಿ, ಸ್ವಲ್ಪ ಹೊತ್ತು ಕಣ್ಣು ಮುಚ್ಚಿ ಹೇಳುತ್ತಿದ್ದ. ಆ ಕಣ್ಣು ಮುಚ್ಚುವುದು ಬೇಕಿರಲಿಲ್ಲ ಎಂದು ನನಗೆ ಗೊತ್ತಿತ್ತು. ನೋಡುವವರು ಇದ್ದಾರೆಂದು ಮುಚ್ಚುತ್ತಿದ್ದ.

ಭುಜದ ಕೀಲು ಸವೆದು ಕೈ ಮೇಲೆತ್ತಲಾರದಂತಾದಾಗ ಅವನು ಆಚೆ ದಡದ ಸಂತೆಗೆ ಹೋಗಿ ಹಳೆಯ ಪಿಕಪ್ ಗಾಡಿಯೊಂದನ್ನು ಕೊಂಡು ತಂದ. ಒಂದು ಕಾಲಕ್ಕೆ ಬಿಳಿ ಇದ್ದಿರಬೇಕು, ಈಗ ಮಣ್ಣಿನ ಬಣ್ಣ. ಮೊದಲಿನ ಮಾಲೀಕ ಯಾರೋ ಅದರ ಹಿಂದಿನ ತೊಟ್ಟಿಯನ್ನು ಕಿತ್ತು, ದಪ್ಪ ಕಬ್ಬಿಣದ ತಗಡು ಬಡಿಸಿ, ಮುಂದುಗಡೆ ಹಳಿಯ ತುಂಡಿನಂಥ ಬಂಪರ್ ಕೂಡಿಸಿದ್ದ. ಬಾಗಿಲಿನ ಒಳಗೆ ತೂಕ ಬರೆದಿದ್ದ ಪಟ್ಟಿ ತುಕ್ಕು ತಿಂದು ಹೋಗಿತ್ತು. ಇದ್ದಿದ್ದರೂ ಉಪಯೋಗವಿರಲಿಲ್ಲ, ಕಂಪನಿಯವರು ಮಾಡಿದ ಗಾಡಿಯಾಗಿ ಅದು ಉಳಿದಿರಲಿಲ್ಲ. ನಮ್ಮೂರಲ್ಲಿ ಉಳಿಯಲು ಬಂದ ಮೊದಲನೆಯ ನಾಲ್ಕು ಗಾಲಿಯ ಗಾಡಿ ಅದು. ಅದಕ್ಕೂ ಮೊದಲು ಬಂದವೆಲ್ಲ ಸರಕು ಇಳಿಸಿ ಅದೇ ದಿನ ಹಲಗೆಯ ಸೇತುವೆ ದಾಟಿ ವಾಪಸಾಗುತ್ತಿದ್ದವು.

ಅರ್ಧ ಊರು ನೋಡಲು ಬಂದಿತ್ತು. ಕಟ್ಟೆಯ ಹಿರಿಯರು ಚನವೀರಪ್ಪನವರು ಗಾಡಿಯ ಸುತ್ತ ಒಂದು ಸುತ್ತು ಬಂದು ಕೇಳಿದರು.

"ಖಾಲಿ ಗಾಡಿ ಎಷ್ಟ ತೂಕ ಐತೋ ಯಮನೂರ? ಮಾರಿದಾವ ಏನರ ಹೇಳ್ಯಾನು?"

ಮಾರಿದವನು ಏನೂ ಹೇಳಿರಲಿಲ್ಲ. ಯಮನೂರ ಅದನ್ನು ಹೇಳಬಹುದಿತ್ತು. ಜನ ಅವನ ಮುಖವನ್ನೇ ನೋಡುತ್ತಿದ್ದರು. ಅವನು ಬಂಪರಿಗೆ ಎಡ ಭುಜ ಕೊಟ್ಟು ಗಾಡಿಯನ್ನು ಎರಡು ಸಲ ಅಲುಗಿಸಿದ. ಹಿಂದೆ ಹೋಗಿ ತಗಡನ್ನು ಒತ್ತಿ ಬಿಟ್ಟ. ಕಣ್ಣು ಮುಚ್ಚಿದ.

"ಒಂಬೈನೂರಾ ಎಂಬತ್ತು" ಅಂದ.

"ನೋಡ್ರಿ, ಬಾಯಾಗ ಇಟ್ಕೊಂಡಿದ್ದ!" ಎಂದು ಯಾರೋ ಅಂದರು. ನಕ್ಕರು. ಚನವೀರಪ್ಪನವರು ತಲೆಯಲ್ಲಾಡಿಸಿದರು. ಸಂಜೆಯೊಳಗೆ ಅಷ್ಟು ಕಲ್ಲು ಪಡುವಣ ಓಣಿಗೆ ಹೋಯಿತು, ಗಾಡಿ ಮೂಡಣದಲ್ಲಿ ನಮ್ಮ ಮನೆಯ ಮುಂದೆ ಬಂದು ನಿಂತಿತು. ಆ ವಾರವೇ ಗಾಳಿಯ ತಿಂಗಳುಗಳು ಶುರುವಾದವು, ಸೇತುವೆ ಎತ್ತಿದರು. ಇನ್ನು ಗಾಳಿ ಇಳಿಯುವವರೆಗೆ ಯಾರೂ ಹೊರಗೆ ಹೋಗುವಂತಿಲ್ಲ, ಒಳಗೆ ಬರುವಂತಿಲ್ಲ.

ಸೇತುವೆ ಎತ್ತುವ ಮೊದಲು ಊರಿಗೆ ಬಂದವರಲ್ಲಿ ಇನ್ನೊಬ್ಬಳೂ ಇದ್ದಳು. ನೇಕಾರ ರಾಚಪ್ಪನ ಮಗಳು ಕಾಶವ್ವ. ಗಂಡನ ಮನೆಯಿಂದ ಒಂದು ಟ್ರಂಕು ಹೊತ್ತು ಒಬ್ಬಳೇ ಬಂದಿದ್ದಳು. ಯಾಕೆ ಬಂದಳೆಂದು ಅವಳೂ ಹೇಳಲಿಲ್ಲ, ರಾಚಪ್ಪನೂ ಹೇಳಲಿಲ್ಲ. ಕಟ್ಟೆಗೆ ಬಂದು "ನಾ ನಲವತ್ತಾರು, ಟ್ರಂಕ ಹದಿನಾಲ್ಕು" ಎಂದು ಹೇಳಿ ಹೋಗಿದ್ದಳು. ರಾಚಪ್ಪನ ಮನೆ ನಮ್ಮ ಹಿಂದಿನ ಓಣಿ, ಊರಿನ ಮೂಡಣ ಅಂಚು. ಅಲ್ಲಿಂದಾಚೆ ನೀರು.

ರಾಚಪ್ಪ ಕಾಕಾನದು ಗುಂಡಿಮಗ್ಗ. ನೆಲದಲ್ಲಿ ತೋಡಿದ ಗುಂಡಿಯೊಳಗೆ ಕಾಲು ಇಳಿಬಿಟ್ಟು ಕೂತು ನೇಯಬೇಕು. ಹತ್ತು ಹನ್ನೆರಡು ದಿನವಾದ ಮೇಲೆ ಗುಂಡಿಯ ತಳ ಒದ್ದೆಯಾಯಿತು. ಆಮೇಲೆ ಕಾಲಲ್ಲಿ ತುಳಿಯುವ ಕಾಲುಮಣೆ ಮುಳುಗುವಷ್ಟು ನೀರು ಬಂತು. ಅವನು ಬೆಳಿಗ್ಗೆ ಎದ್ದು ತಂಬಿಗೆಯಿಂದ ನೀರು ಎತ್ತಿ ಹೊರಗೆ ಚೆಲ್ಲಿ, ಒರೆಸಿ, ನೇಯಲು ಕೂಡುತ್ತಿದ್ದ. ಮಧ್ಯಾಹ್ನಕ್ಕೆ ಮತ್ತೆ ತುಂಬುತ್ತಿತ್ತು. ಮಗ್ಗಕ್ಕೆ ಬಿಗಿದ ಹಾಸುನೂಲಿಗೆ ತೇವ ಹಿಡಿದು ಎಳೆ ಎಳೆಯಾಗಿ ಕಡಿಯತೊಡಗಿತು. ಓಣಿಯ ಉಳಿದ ಮನೆಗಳ ಹೊಸ್ತಿಲ ಕೆಳಗೂ ನೀರು ಜಿನುಗಿತು. ಊರು ಮೂಡಣಕ್ಕೆ ವಾಲಿತ್ತು, ಅದರಲ್ಲಿ ಅನುಮಾನವಿರಲಿಲ್ಲ.

ಕಟ್ಟೆಯ ಮುಂದೆ ಜನ ಸೇರಿದರು. ಮೂಡಣಕ್ಕೆ ಹೊಸದಾಗಿ ಬಂದದ್ದು ಎರಡೇ. ಗಾಡಿ, ಮತ್ತು ಕಾಶವ್ವ.

"ಗಾಡೀದು ಯಮನೂರ ಹೇಳಿದ ತೂಕ. ಅಂವಂದು ತಪ್ಪಂಗಿಲ್ಲ" ಎಂದು ಒಬ್ಬರು ಹೇಳಿದರು. ಇನ್ನೊಬ್ಬರು ಹೌದೆಂದರು. ಆಮೇಲೆ ಯಾರೂ ಗಾಡಿಯ ಮಾತು ಎತ್ತಲಿಲ್ಲ.

ನಾನು ಹೆಂಗಸರ ಜೊತೆ ನಿಂತಿದ್ದೆ. ಯಮನೂರ ಕಟ್ಟೆಯ ಮೂಲೆಯಲ್ಲಿದ್ದ. ಅವನು ಆಗಲೇ ಬಾಯಿಬಿಡುತ್ತಾನೆಂದು ಕಾಯುವ ಕಾರಣ ನನಗಿರಲಿಲ್ಲ, ನನಗೂ ಅವನ ಲೆಕ್ಕದ ಮೇಲೆ ನಂಬಿಕೆಯೇ ಇತ್ತು. ಅವನು ಹೆಗಲ ಮೇಲಿನ ಟವೆಲ್ಲಿನ ಅಂಚನ್ನು ಸುತ್ತುತ್ತ, ಬಿಚ್ಚುತ್ತ ನಿಂತಿದ್ದನ್ನು ಮಾತ್ರ ನೋಡಿದೆ.

ಕಾಶವ್ವನನ್ನು ಕರೆಸಿದರು. ಅವಳು ಬಂದು, "ನಾ ಹೇಳಿದ್ದು ಖರೇ ಐತ್ರಿ" ಅಂದಳು.

ಚನವೀರಪ್ಪನವರು ಕೆಟ್ಟವರಲ್ಲ. ಆದರೆ ಓಣಿಯಲ್ಲಿ ನೀರು ಏರುತ್ತಿತ್ತು, ಜನ ಅವರ ಮೇಲೆ ಬಿದ್ದಿದ್ದರು. ಅವರು ಯಮನೂರನ ಕಡೆ ತಿರುಗಿದರು. "ನೀ ನೋಡಿ ಹೇಳಪಾ. ಅಕಿ ಹೇಳಿದಷ್ಟ ಇದ್ದಾಳೇನು?"

ಒಬ್ಬ ಹೆಣ್ಣುಮಗಳನ್ನು ಚೀಲ ನೋಡಿದ ಹಾಗೆ ನೋಡಿ ಹೇಳು ಅನ್ನುವುದು. ಯಮನೂರ ಒಪ್ಪಬಾರದಿತ್ತು. ಅವನು ಅವಳ ಕಡೆ ನೋಡಲೂ ಇಲ್ಲ. ನೆಲ ನೋಡುತ್ತ, "ನಾಕೈದ ಕಿಲೋ ಹೆಚ್ಚ ಇದ್ದರೂ ಇರಬಹುದ್ರಿ" ಅಂದ.

ನಾಲ್ಕೈದು ಕಿಲೋದಿಂದ ಅಷ್ಟು ನೀರು ಬರುವುದಿಲ್ಲವೆಂದು ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ಆದರೂ ಅವಳು ಒಂದರಲ್ಲಿ ಸುಳ್ಳು ಹೇಳಿದ್ದರೆ ಇನ್ನೊಂದರಲ್ಲೂ ಹೇಳಿರಬಹುದು ಎಂದು ಮಾತು ಹೊರಟಿತು. ಟ್ರಂಕು ತರಿಸಿದರು. ಮೊದಲು ಅವಳನ್ನು ತಕ್ಕಡಿಯಲ್ಲಿ ಕೂಡಿಸಿದರು. ಚೀಲಗಳ ತಟ್ಟೆ ಅದು, ಹಿಟ್ಟಿನ ಧೂಳು ಮೆತ್ತಿಕೊಂಡಿತ್ತು. ಅವಳು ಮೊಣಕಾಲು ಮಡಚಿ, ಸೆರಗನ್ನು ಬಿಗಿಯಾಗಿ ಹೊದ್ದು, ಕಲ್ಲುಗಳಿದ್ದ ಎದುರಿನ ತಟ್ಟೆಯನ್ನೇ ನೋಡುತ್ತ ಕೂತಳು. ಮುಳ್ಳು ನಡುವಿಗೆ ಬಂದು ನಿಂತಿತು. ನಲವತ್ತಾರು. ಟ್ರಂಕನ್ನೂ ಇಟ್ಟರು. ಹದಿನಾಲ್ಕು.

ಅಲ್ಲಿಗೆ ನಿಲ್ಲಿಸಬಹುದಿತ್ತು. ಆದರೆ ಯಾರೋ, "ಟ್ರಂಕಿನ್ಯಾಗಿಂದು ಮೊದಲ ತಗದು ಮನ್ಯಾಗ ಇಟ್ಟಿದ್ದರ?" ಅಂದರು. ಇನ್ಯಾರೋ ಮುಚ್ಚಳ ತೆಗೆದೇಬಿಟ್ಟರು. ಎರಡು ಮೂರು ಸೀರೆ, ಒಂದು ಹಿತ್ತಾಳೆಯ ತಂಬಿಗೆ, ಒಂದು ಕನ್ನಡಿ. ಅಡಿಯಲ್ಲಿ ಹಳೆಯ ಪಂಚೆಯಲ್ಲಿ ಸುತ್ತಿಟ್ಟ ಕೂಸಿನ ಬಟ್ಟೆಗಳು. ಅಂಗಿ, ಕುಲಾಯಿ, ಬೆಳ್ಳಿಯ ಒಂದು ಉಡಿದಾರ. ಕೂಸು ಅವಳ ಜೊತೆ ಬಂದಿರಲಿಲ್ಲ.

ತೆಗೆದವರ ಕೈ ಅಲ್ಲೇ ನಿಂತಿತು. ರಾಚಪ್ಪ ಕಾಕಾ ಮುಂದೆ ಬಂದು ಒಂದೊಂದನ್ನೂ ಮಡಚಿ ಒಳಗಿಟ್ಟ. ಮುಚ್ಚಳ ಸರಿಯಾಗಿ ಕೂಡಲಿಲ್ಲ, ಮತ್ತೆ ತೆಗೆದು ಮತ್ತೆ ಮುಚ್ಚಿದ. ಕಾಶವ್ವ ಅಳಲಿಲ್ಲ. ಟ್ರಂಕು ಎತ್ತಿ ತಲೆಯ ಮೇಲಿಟ್ಟುಕೊಂಡು ಅಪ್ಪನ ಮುಂದೆ ನಡೆದಳು. ಜನ ದಾರಿ ಬಿಟ್ಟರು. ಯಾರೂ ತಪ್ಪಾಯಿತೆಂದು ಹೇಳಲಿಲ್ಲ. ನಾನೂ ಹೇಳಲಿಲ್ಲ. ಮನೆಗೆ ಹೋಗಿ ಅನ್ನಕ್ಕಿಟ್ಟೆ, ಯಮನೂರ ಉಣ್ಣದೆ ಎದ್ದುಹೋದ.

ಮರುದಿನ ಮಧ್ಯಾಹ್ನ ಬಟ್ಟೆ ಒಣಹಾಕಲು ಹೊರಗೆ ಬಂದವಳು ಅವನ ಕಾಲುಗಳನ್ನಷ್ಟೇ ಕಂಡೆ. ಉಳಿದ ಮೈ ಗಾಡಿಯ ಕೆಳಗಿತ್ತು. ಹತ್ತಿರ ಹೋಗಿ ಬಗ್ಗಿ ನೋಡಿದರೆ ಅವನು ಟಾಯರಿನ ಅಡಿಗೆ ಹಳೆಯ ಪೇಪರಿನ ಹಾಳೆಯನ್ನು ನಾಲ್ಕೂ ಕಡೆಯಿಂದ ತೂರಿಸುತ್ತಿದ್ದ. ಹಾಳೆ ಎಲ್ಲಿ ಸಿಕ್ಕಿಕೊಂಡು ನಿಲ್ಲುತ್ತದೋ ಅಲ್ಲಿ ನೆಲಕ್ಕೆ ಸುಣ್ಣದ ಗೆರೆ ಎಳೆಯುತ್ತಿದ್ದ.

"ಏನ್ ಮಾಡಾಕತ್ತೀಯೋ?"

ಅವನು ಬೆಚ್ಚಿ ತಲೆ ಬಡಿಸಿಕೊಂಡ. ಹೊರಗೆ ತೆವಳಿ ಬಂದು, ಏನಿಲ್ಲ ಅಂದ. ಆಮೇಲೆ ಅಲ್ಲೇ ಗಾಲಿಗೆ ಒರಗಿ ಕೂತು ಹೇಳಿದ. ಆಚೆ ದಡದಲ್ಲಿ ಪಂಚರ್ ಹಾಕುವವನೊಬ್ಬ ಹಿಂದೆ ಯಾವಾಗಲೋ ಹೇಳಿದ್ದನಂತೆ. ಟಾಯರು ನೆಲಕ್ಕೆ ತಾಗುವ ಜಾಗ ಎಷ್ಟು ಇಂಚು ಉದ್ದ, ಎಷ್ಟು ಇಂಚು ಅಗಲ ಎಂದು ಅಳೆದು ಗುಣಿಸಿ, ಬಂದದ್ದನ್ನು ಒಳಗಿನ ಗಾಳಿಯ ಒತ್ತಡದಿಂದ ಮತ್ತೆ ಗುಣಿಸಿದರೆ ಆ ಗಾಲಿ ಹೊತ್ತಿರುವ ಭಾರ ಪೌಂಡಿನಲ್ಲಿ ಸಿಗುತ್ತದೆ. ನಾಲ್ಕು ಗಾಲಿಯದನ್ನೂ ಕೂಡಿಸಿ ಕಿಲೋಕ್ಕೆ ತಿರುಗಿಸಿದರೆ ಗಾಡಿಯ ತೂಕ.

"ಎಷ್ಟ ಬಂತು?"

"ಒಮ್ಮೆ ಮಾಡಿದರ ಸಾವಿರದ ಮುನ್ನೂರು. ಇನ್ನೊಮ್ಮೆ ಮಾಡಿದರ ಸಾವಿರದ ಆರನೂರು. ಟಾಯರ್ ಹಳೇವು, ಗಾಳಿ ನೋಡೂ ಮಾಪು ಸೈತ ಹಳೇದು. ಸರಿಯಾಗಿ ಹೇಳಾಕ ಬರಂಗಿಲ್ಲ ಯಕ್ಕಾ." ಅವನು ಕೈಗೆ ಮೆತ್ತಿದ ಸುಣ್ಣವನ್ನು ತೊಡೆಗೆ ಉಜ್ಜಿಕೊಂಡ. "ಆದ್ರ ಒಂಬೈನೂರಾ ಎಂಬತ್ತು ಅಂತೂ ಅಲ್ಲ."

ಕೈಯಲ್ಲಿ ಹಿಂಡಿದ ಸೀರೆಯಿಂದ ನೀರು ಕಾಲಿಗೆ ಸುರಿಯುತ್ತಿತ್ತು.

"ಯಾವಾಗ ಗೊತ್ತಾತು ನಿನಗ?"

"ಸೇತುವಿ ದಾಟೂ ಮುಂದನ. ಹಲಗಿ ಸಪ್ಪಳ ಕೇಳಿದಾಗನ ಇದು ಭಾಳ ಐತಿ ಅಂತ ಅನಸ್ತು. ಆಮ್ಯಾಲೆ ಅವರೆಲ್ಲಾ ನನ್ನ ಮಾರಿ ನೋಡಾಕತ್ತಿದ್ದರು. ಗೊತ್ತಿಲ್ಲ ಅನ್ನಾಕ ಬಾಯಿ ಬರಲಿಲ್ಲ."

"ನಿನ್ನೆ? ಅಕಿನ್ನ ತಕ್ಕಡ್ಯಾಗ ಕೂಡಸೂ ಮುಂದ?"

ಅವನು ಗಾಡಿಯ ಗಾಲಿಗೆ ತಲೆ ಆನಿಸಿ ಕಣ್ಣು ಮುಚ್ಚಿದ. ನೋಡುವವರು ನಾನೊಬ್ಬಳೇ ಇದ್ದೆ.

ಆಮೇಲೆ ತನ್ನ ಯೋಚನೆ ಹೇಳಿದ. ಸರಿಯಾದ ತೂಕ ಒಮ್ಮೆ ಗೊತ್ತಾದರೆ ಸಾಕು, ಕಡಿಮೆ ಬಿದ್ದಷ್ಟು ಕಲ್ಲನ್ನು ತಾನೇ ದಿನಕ್ಕೆ ಒಂದೆರಡರಂತೆ ಪಡುವಣಕ್ಕೆ ಹೊತ್ತು ಹಾಕುತ್ತೇನೆ. ಹಮಾಲ ಕಲ್ಲು ಹೊತ್ತರೆ ಯಾರು ಕೇಳುತ್ತಾರೆ? ಊರು ನೆಟ್ಟಗಾಗುತ್ತದೆ. ರಾಚಪ್ಪ ಕಾಕಾನ ಗುಂಡಿ ಒಣಗುತ್ತದೆ. ಅಲ್ಲಿಗೆ ಮುಗಿಯಿತು.

ಅವನ ಮುಖದಲ್ಲಿ ಒಂದು ಆಸೆ ಇತ್ತು. ಅದನ್ನು ನೋಡಿ ಒಂದು ಕ್ಷಣ ನನಗೂ ಹಾಗೇ ಮಾಡಲಿ ಅನಿಸಿತು. ನನ್ನ ತಮ್ಮ, ನಾನು ಎತ್ತಿ ಆಡಿಸಿದವನು. ಆದರೆ ಟ್ರಂಕು ತಲೆಯ ಮೇಲಿಟ್ಟು ಹೋದವಳ ಬೆನ್ನು ಕಣ್ಣಿಗೆ ಕಟ್ಟಿತ್ತು.

"ಹಂಗ ಮಾಡಿದರ ಮಂದಿ ಏನಂತಾರ ಗೊತ್ತೈತೇನು?" ಅಂದೆ. "ಕಾಶವ್ವ ಏನೋ ಮುಚ್ಚಿಟ್ಟಿದ್ಲು, ಸಿಕ್ಕ ಬೀಳ್ತೀನಿ ಅಂತ ಹೆದರಿ ನೀರಿಗೆ ಒಗದ್ಲು, ಅದಕ್ಕ ನೀರ ಇಳೀತು ಅಂತಾರ. ಅಕಿ ಸಾಯೂತನಕ ಸುಳ್ಳಿ ಆಗೇ ಉಳೀತಾಳ. ನೀ ಶಾಣ್ಯಾ ಆಗೇ ಉಳೀತಿ."

ಅವನು ತಲೆ ಎತ್ತಿದ. ಇದನ್ನು ಅವನು ಯೋಚಿಸಿರಲಿಲ್ಲ. ಅವನ ಮುಖ ಕ್ರಮೇಣ ಬೂದಿಬಣ್ಣಕ್ಕೆ ತಿರುಗಿತು. ಎದ್ದು ಕೈಕಾಲು ತೊಳೆದುಕೊಂಡು, ಒಗೆದ ಅಂಗಿ ಹಾಕಿಕೊಂಡ. "ನೀನೂ ಬಾ ಯಕ್ಕಾ" ಅಂದ.

ಕಟ್ಟೆಯ ಮೇಲೆ ಚನವೀರಪ್ಪನವರು ಇನ್ನಿಬ್ಬರ ಜೊತೆ ಕೂತಿದ್ದರು. ಯಮನೂರ ಕೆಳಗೇ ನಿಂತು, ಉಸಿರು ಬಿಡದೆ ಎಲ್ಲವನ್ನೂ ಹೇಳಿ ಮುಗಿಸಿದ. ಗಾಡಿಯ ತೂಕ ತನಗೆ ಆಗಲೂ ಗೊತ್ತಿರಲಿಲ್ಲ, ಈಗಲೂ ಗೊತ್ತಿಲ್ಲ ಅಂದ. ಅವರು ಬೈಯುತ್ತಾರೆಂದು ನಾನು ಕಾದೆ. ಬೈದಿದ್ದರೆ ಚೆನ್ನಾಗಿತ್ತು. ಅವರು ಕನ್ನಡಕ ತೆಗೆದು ಧೋತರದ ಅಂಚಿನಿಂದ ಒರೆಸುತ್ತ ಕೂತರು.

"ನಿನ್ನ ಮಾತಿನ ಮ್ಯಾಲೆ ನಾ ಅಕಿನ್ನ ಇದರಾಗ ಕೂಡ್ಸಿದೆ" ಅಂದರು ಕೊನೆಗೆ, ತಕ್ಕಡಿಯ ಕಡೆ ನೋಡದೆ. "ನನ್ನ ಅವ್ವನ ಕಾಲದಿಂದ್ಲೂ ಯಾರನ್ನೂ ಕೂಡ್ಸಿರಲಿಲ್ಲ."

ಆಮೇಲೆ ಅವರು ಗಾಡಿಯನ್ನು ತೂಗುವ ದಾರಿಯ ಬಗ್ಗೆ ಮಾತಾಡಿದರು, ಅದನ್ನು ಮಾತಾಡುವುದು ಸುಲಭವಾಗಿತ್ತು. ದನ ಸಾಗಿಸುವ ದೊಡ್ಡ ತೆಪ್ಪ ಊರಿನ ಮೂಡಣ ಅಂಚಿನ ಮೆಟ್ಟಿಲ ಬಳಿ ಕಟ್ಟಿತ್ತು. ಗಾಡಿಯನ್ನು ಅದರ ಮೇಲೆ ನೂಕುವುದು, ತೆಪ್ಪ ಮುಳುಗಿದ ಮಟ್ಟಕ್ಕೆ ಗೆರೆ ಎಳೆಯುವುದು, ಗಾಡಿ ಇಳಿಸಿ ಅದೇ ಗೆರೆ ಮುಟ್ಟುವವರೆಗೆ ತೂಕ ಗೊತ್ತಿರುವುದನ್ನು ಹೇರುವುದು. ರಾಶಿಯಲ್ಲಿ ಉಳಿದ ಕಲ್ಲು ಸಾಲುವುದಿಲ್ಲ. ಓಣಿಗಳಲ್ಲಿರುವವೆಲ್ಲ ಒಂದೊಂದು ಮನೆಯ ಹೆಸರಿಗೆ ಕೂತಿವೆ, ಎತ್ತಿದರೆ ಊರು ಇನ್ನಷ್ಟು ಅಲ್ಲಾಡುತ್ತದೆ. ಹಾಗಾದರೆ ಮನುಷ್ಯರೇ ಹತ್ತಬೇಕು.

"ಯಾರನ್ನ ಕರೀತೀಯೋ ನೀನ ಹೋಗಿ ಕರಿ" ಅಂದರು. "ಯಾಕ ಅಂತ ನೀನ ಹೇಳು."

ಮರುದಿನ ಬೆಳಿಗ್ಗೆಯಿಂದ ಅವನು ಮನೆ ಮನೆಗೆ ಹೋದ. ನಾನು ಜೊತೆಗೆ ಹೋದೆ, ಆದರೆ ಬಾಗಿಲಲ್ಲಿ ಮಾತಾಡಿದ್ದು ಅವನೇ. ಮೊದಲನೆಯ ಮನೆಯಲ್ಲಿ ಅರ್ಧಕ್ಕೇ ಮಾತು ನಿಂತು, "ಅಕ್ಕ ಹೇಳ್ತಾಳ" ಅಂದ. ನಾನು ಹೇಳಲಿಲ್ಲ. ಅವನೇ ಮುಗಿಸಬೇಕಾಯಿತು. ಪಡುವಣದ ಒಂದು ಮನೆಯಲ್ಲಿ ಬಾಗಿಲು ಮುಖದ ಮೇಲೇ ಮುಚ್ಚಿದರು. ಇನ್ನೊಂದರಲ್ಲಿ ಮುದುಕಿಯೊಬ್ಬಳು ನಕ್ಕು, "ನನ್ನ ಬೀಸುಕಲ್ಲಿಗೂ ನೀನ ಹೇಳಿದ್ದೆಲ್ಲೋ, ಅದನ್ನೂ ಮತ್ತೊಮ್ಮೆ ತೂಗಬೇಕೇನು?" ಎಂದು ಕೇಳಿದಳು. ಅವಳು ತಮಾಷೆಗೇ ಅಂದದ್ದು. ಅವನು "ತೂಗ್ರಿ ಅವ್ವಾ" ಅಂದ. ರಾಚಪ್ಪ ಕಾಕಾನ ಬಾಗಿಲಿನವರೆಗೆ ಹೋದವನು ಅಲ್ಲಿ ನಿಲ್ಲಲಾರದೆ ಮುಂದೆ ನಡೆದುಬಿಟ್ಟ. ಒಳಗೆ ತಂಬಿಗೆಯಿಂದ ನೀರು ಎತ್ತಿ ಚೆಲ್ಲುವ ಸದ್ದು ಬರುತ್ತಿತ್ತು.

ಆದರೂ ಬಿಸಿಲೇರುವ ಹೊತ್ತಿಗೆ ಮೆಟ್ಟಿಲುಗಳ ಮೇಲೆ ಜನ ಸೇರಿದ್ದರು. ಟ್ರಂಕಿನ ಮುಚ್ಚಳ ತೆಗೆದವನೂ ಬಂದಿದ್ದ. ಗಾಡಿಯನ್ನು ತೆಪ್ಪದ ಮೇಲೆ ನೂಕಿದರು. ಖಾಲಿ ಅಂದರೆ ಎಷ್ಟು ಖಾಲಿ ಎಂದು ಸ್ವಲ್ಪ ಚರ್ಚೆಯಾಯಿತು. ಜ್ಯಾಕು, ಹೆಚ್ಚಿನ ಟಾಯರು, ಟ್ಯಾಂಕಿಯ ಡೀಸೆಲ್ಲು ಯಾವಾಗಲೂ ಗಾಡಿಯಲ್ಲೇ ಇರುವಂಥವು, ಇರಲಿ ಎಂದಾಯಿತು. ಸೀಟಿನ ಹಿಂದೆ ಇದ್ದ ಹಗ್ಗದ ಸುರುಳಿಯನ್ನು ಯಮನೂರ ತಾನಾಗಿ ತೆಗೆದು ಹೊರಗಿಟ್ಟ. ಚನವೀರಪ್ಪನವರು ಬಗ್ಗಿ, ನೀರು ಮುಟ್ಟಿದ ಕಡೆ ತೆಪ್ಪದ ಮಗ್ಗುಲಿಗೆ ಬಣ್ಣದ ಗೆರೆ ಎಳೆದರು.

ಗಾಡಿ ಇಳಿದ ಮೇಲೆ ಗೆರೆ ನೀರಿನಿಂದ ಮೇಲೆದ್ದು ನಿಂತಿತು. ಜನ ಹತ್ತತೊಡಗಿದರು. ಮೂಡಣದವರೊಬ್ಬರು, ಪಡುವಣದವರೊಬ್ಬರು, ಊರು ಅಲ್ಲಾಡದಂತೆ. ಒಬ್ಬೊಬ್ಬರೂ ಹತ್ತುವ ಮೊದಲು ತಮ್ಮ ತೂಕ ಹೇಳಬೇಕು. ಚನವೀರಪ್ಪನವರೇ ಮೊದಲು ಹತ್ತಿದರು. "ಐವತ್ತೆಂಟು" ಎಂದು ಗಟ್ಟಿಯಾಗಿ ಹೇಳಿದರು. ಯಾರೂ ಕೇಳಿರಲಿಲ್ಲ, ಆದರೂ "ಖರೇ ಐತಿ" ಎಂದು ಸೇರಿಸಿದರು. ಆಮೇಲೆ ಹತ್ತಿದವರೆಲ್ಲ ಹಾಗೇ ಹೇಳಿದರು. ನಾನು ಐವತ್ತೊಂದು, ಖರೇ ಐತಿ. ಹೆಂಗಸರೆಲ್ಲ ಸೆರಗು ಹೊದ್ದು ಒತ್ತೊತ್ತಾಗಿ ನಿಂತೆವು. ಮೊನ್ನೆ ಅವಳನ್ನು ನೋಡಿದಂತೆ ಇವತ್ತು ದಡದವರು ನಮ್ಮನ್ನು ನೋಡುತ್ತಿದ್ದರು.

ರಾಚಪ್ಪ ಕಾಕಾ ಬಂದ. ಅವನನ್ನು ಯಾರೂ ಕರೆದಿರಲಿಲ್ಲ. ಅವನ ಪಾದಗಳು ನೀರಲ್ಲಿ ನೆನೆದು ಬೆಳ್ಳಗೆ ಸುಕ್ಕಾಗಿದ್ದವು. "ನಲವತ್ತೊಂಬತ್ತು" ಎಂದು ಹೇಳಿ ಹತ್ತಿ ನಿಂತ. ಯಮನೂರ ದಡದಲ್ಲಿ ನಿಂತು ಎಲ್ಲರದನ್ನೂ ಕೂಡಿಸುತ್ತಿದ್ದ. ಆ ಸಂಖ್ಯೆ ಕೂಡಿಸುವಾಗ ಅವನ ದನಿ ಒಡೆಯಿತು, ಮತ್ತೊಮ್ಮೆ ಹೇಳಬೇಕಾಯಿತು.

ಹತ್ತುವವರು ಮುಗಿದರು. ಗೆರೆ ಇನ್ನೂ ನೀರಿನಿಂದ ಎರಡು ಬೆರಳು ಮೇಲಿತ್ತು. ಮೆಟ್ಟಿಲ ಮೇಲ್ಗಡೆ ಕಾಶವ್ವ ಒಬ್ಬಳೇ ನಿಂತಿದ್ದಳು. ಅಪ್ಪನ ಹಿಂದೆ ಬಂದಿರಬೇಕು. ತೆಪ್ಪದ ಮೇಲಿದ್ದವರೆಲ್ಲ ಅವಳ ಕಡೆ ನೋಡಿದೆವು. ಅವಳೂ ಬಂದು ನಮ್ಮ ನಡುವೆ ನಿಂತರೆ ಮೊನ್ನೆಯದು ತೊಳೆದುಹೋಗುತ್ತದೆ ಎಂದು ಎಲ್ಲರಿಗೂ ಅನಿಸಿತ್ತು. ನನಗೂ ಅನಿಸಿತ್ತು. ಚನವೀರಪ್ಪನವರು ಕೈ ಚಾಚಿ, "ಬಾರವ್ವ" ಅಂದರು.

"ನಾ ಬರಂಗಿಲ್ರಿ" ಅಂದಳು ಕಾಶವ್ವ. ಸಿಟ್ಟಿನಿಂದಲ್ಲ. "ನಂದು ಒಮ್ಮೆ ಹೇಳೀನಿ."

ತಿರುಗಿ ಮನೆಯ ಕಡೆ ಹೋದಳು. ತೆಪ್ಪ ಮೆಲ್ಲಗೆ ತೂಗುತ್ತಿತ್ತು. ಯಾರೂ ಯಾರ ಮುಖವನ್ನೂ ನೋಡಲಿಲ್ಲ. ಅಷ್ಟು ಹತ್ತಿರ ನಿಂತು ಒಬ್ಬರನ್ನೊಬ್ಬರು ನೋಡದೆ ಇರುವುದು ಕಷ್ಟ, ಎಲ್ಲರೂ ನೀರು ನೋಡಿದೆವು.

ಉಳಿದದ್ದನ್ನು ಯಮನೂರ ಕಲ್ಲಿನಿಂದ ತುಂಬಿದ. ರಾಶಿಯಿಂದ ಒಂದೊಂದಾಗಿ ಹೊತ್ತು ತಂದ. ಬಲಗೈ ಮೇಲೇಳುತ್ತಿರಲಿಲ್ಲ, ಎಡ ಭುಜಕ್ಕೇ ಹಾಕಿಕೊಳ್ಳುತ್ತಿದ್ದ. ಇಬ್ಬರು ಸಹಾಯಕ್ಕೆ ಇಳಿಯಲು ಹೋದರು, ಇಳಿದರೆ ಲೆಕ್ಕ ತಪ್ಪುತ್ತದೆ ಎಂದು ಚನವೀರಪ್ಪನವರು ತಡೆದರು. ಪ್ರತಿ ಕಲ್ಲಿನ ಮೇಲೂ ತೂಕ ಕೊರೆದಿತ್ತು. ಅವನು ಅದನ್ನು ಓದಿ ಹೇಳುತ್ತಿದ್ದ, ಕೈಯಿಂದ ಅಂದಾಜು ಮಾಡಿ ಹೇಳಲಿಲ್ಲ. ಗೆರೆ ನೀರನ್ನು ಮುಟ್ಟಿದಾಗ ಮೊತ್ತ ಸಾವಿರದ ನಾಲ್ಕುನೂರಾ ಎಪ್ಪತ್ತು. ಅವನು ಅದನ್ನು ಗಟ್ಟಿಯಾಗಿ ಹೇಳಿದ. ಎಲ್ಲರೂ ಸಾಲಾಗಿ ಇಳಿದು ಮನೆಗೆ ಹೋದೆವು.

ಕಡಿಮೆ ಬಿದ್ದಿದ್ದ ಕಲ್ಲು ಎರಡು ದಿನದಲ್ಲಿ ಪಡುವಣ ಸೇರಿತು. ಓಣಿಯ ನೀರು ಇಳಿಯಿತು. ರಾಚಪ್ಪ ಕಾಕಾ ಗುಂಡಿಯ ತಳಕ್ಕೆ ಬೂದಿ ಮತ್ತು ಒಣಮಣ್ಣು ಹಾಕಿ ಬಡಿಯುತ್ತಿದ್ದಾನೆಂದು ಕೇಳಿದ ದಿನ ಯಮನೂರ, "ಇವತ್ತ ಹೋಗೂಣು" ಅಂದ. ಎಲ್ಲಿಗೆ ಎಂದು ನಾನು ಕೇಳಲಿಲ್ಲ.

ಕಾಕಾ ಚಾಪೆ ಹಾಸಿ ಕೂಡಿಸಿದ. ಮಗ್ಗದ ಮೇಲೆ ಹಾಸುನೂಲು ಇರಲಿಲ್ಲ, ಹಾಳಾದದ್ದನ್ನು ಕತ್ತರಿಸಿ ಮೂಲೆಯಲ್ಲಿ ಗುಡ್ಡೆ ಹಾಕಿದ್ದರು. ಯಮನೂರ ಅದರ ಕಡೆ ನೋಡಿ, "ಕಾಕಾ, ತಪ್ಪ ಆತು" ಅಂದ. ಕಾಕಾ, "ನನಗೇನೈತಿ ತಮ್ಮಾ, ನೂಲು ಮತ್ತ ಬರ್ತೈತಿ" ಅಂದ. ಮುಂದಿನದನ್ನು ತಾನು ಹೇಳುವಂತಿಲ್ಲ ಎನ್ನುವ ಹಾಗೆ ಒಳಗಿನ ಬಾಗಿಲ ಕಡೆ ನೋಡಿದ.

ಕಾಶವ್ವ ಕಪ್ಪು ಬಸಿಯಲ್ಲಿ ಚಹಾ ತಂದಳು. ನಮ್ಮಿಬ್ಬರ ಮುಂದೆ ಇಟ್ಟು, ಹೋಗದೆ ಅಲ್ಲೇ ಮಗ್ಗದ ಕಂಬಕ್ಕೆ ಒರಗಿ ನಿಂತಳು. ಯಮನೂರ ಎದ್ದು ನಿಂತ. ಏನೋ ಹೇಳಬೇಕೆಂದು ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದಿದ್ದ, ಒಂದೂ ಹೊರಬರಲಿಲ್ಲ.

"ಕುಂದ್ರಣ್ಣಾ" ಅಂದಳು ಅವಳು. ಅವನು ಕೂತ.

"ನಿನ್ನ ತೂಕ ಎಷ್ಟು?"

ಅವನಿಗೆ ಅರ್ಥವಾಗಲಿಲ್ಲ. ನನ್ನ ಕಡೆ ನೋಡಿದ. ಆಮೇಲೆ ಹೇಳಿದ. "ಅರವತ್ತೇಳು."

"ಖರೇನ?"

"ಖರೇ."

ಅವಳು ಅವನನ್ನು ತಲೆಯಿಂದ ಕಾಲಿನವರೆಗೆ ನೋಡಲಿಲ್ಲ. ಅವನ ಮುಖವನ್ನಷ್ಟೇ ನೋಡಿದಳು.

"ಆತು, ನಂಬಿದೆ" ಅಂದಳು. "ನೋಡಣ್ಣಾ, ಇಷ್ಟ ಸಲೀಸ ಇತ್ತು."

ಯಮನೂರನ ಕುತ್ತಿಗೆ ಬಗ್ಗಿತು. ಎದ್ದು ಹೋಗಲು ನೆಲಕ್ಕೆ ಕೈ ಊರಿದ. "ಚಾ ಆರ್ತೈತಿ, ಕುಡದ ಹೋಗು" ಎಂದು ಅವಳು ಬಸಿಯನ್ನು ಅವನ ಕಡೆ ಸರಿಸಿದಳು. ಅವನು ಮತ್ತೆ ಕೂತು, ಎರಡೂ ಕೈಯಲ್ಲಿ ಬಸಿ ಹಿಡಿದು, ಅವಳ ಎದುರಿಗೇ ಪೂರಾ ಕುಡಿದ.